ಡೇಟನ್ನಿನ ಹಾಡುಗಾರ್ತಿ ಮತ್ತು ನಿನ್ನ ತಂಬೂರಿ

ಕೊಲಂಬಸ್, ಒಹಾಯೋ
8 ಡಿಸೆಂಬರ್ 2024

ಪ್ರೀತಿಯ ಆಯಿಗೆ,

ನಮಸ್ಕಾರ. ಅಪ್ಪಯ್ಯನಿಗೂ ಅಜ್ಜಿಗೂ ನನ್ನ ನಮಸ್ಕಾರ ಹೇಳು. ಇಲ್ಲಿ ಎಲ್ಲರೂ ಕ್ಷೇಮ, ಚಳಿ ಮಾತ್ರ ಜೋರು. ಕೊನೆಕೊಯ್ಲು ಶುರುವಾಯಿತೆಂದು ಅಣ್ಣ ಹೇಳಿದ. ಅಡಿಕೆ ಸುಲಿಯಲು ಈ ಸಲ ಜನ ಸಿಕ್ಕಿದರಾ?

ನೀನು ಮತ್ತೆ ಹಾಡಲು ಶುರುಮಾಡುವ ವಿಷಯ ಫೋನಿನಲ್ಲಿ ಎತ್ತಿದರೆ ನೀನು "ಆತು, ಕಡಿಗೆ ನೋಡನ" ಅಂದು ಅಡುಗೆಮನೆಗೆ ಹೋಗಿಬಿಡುತ್ತೀಯ. ಅದಕ್ಕೇ ಪತ್ರ.

ಇಲ್ಲಿಂದ ಕಾರಿನಲ್ಲಿ ಗಂಟೆ ಚಿಲ್ಲರೆ ಹೋದರೆ ಡೇಟನ್ ಸಿಗುತ್ತದೆ, ವಿಮಾನ ಹಾರಿಸಿದ ರೈಟ್ ಸಹೋದರರ ಊರು. ಕಿಮ್ ಡೀಲ್ ಎಂಬ ಹಾಡುಗಾರ್ತಿಯ ಊರೂ ಅದೇ. ಅವರಿಗೆ ಈಗ 63, ನಿನಗಿಂತ ನಾಲ್ಕು ವರ್ಷ ದೊಡ್ಡವರು. ಕಳೆದ ತಿಂಗಳು 22ಕ್ಕೆ ಅವರ ಆಲ್ಬಮ್ ಬಂತು, 'ನೋಬಡಿ ಲವ್ಸ್ ಯೂ ಮೋರ್'. ಹನ್ನೊಂದು ಹಾಡು. ಒಬ್ಬರೇ ತಮ್ಮ ಹೆಸರಿನಲ್ಲಿ ಆಲ್ಬಮ್ ತಂದದ್ದು ಇದೇ ಮೊದಲು.

ಹಾಗಂತ ಹೊಸಬರಲ್ಲ. 1986ರಲ್ಲಿ ಬಾಸ್ಟನ್‌ನಲ್ಲಿ ಪಿಕ್ಸೀಸ್ ಎಂಬ ತಂಡ ಸೇರಿ ಬೇಸ್ ಗಿಟಾರ್ ನುಡಿಸಿದರು. ಆಮೇಲೆ ತಮ್ಮದೇ ತಂಡ ಬ್ರೀಡರ್ಸ್; ಅವಳಿ ಸಹೋದರಿ ಕೆಲ್ಲಿ ಕೂಡ ಅದರಲ್ಲೇ. 1993ರ 'ಲಾಸ್ಟ್ ಸ್ಪ್ಲಾಶ್' ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿ ದಾಟಿತು. ಅಷ್ಟು ಹೆಸರು ಮಾಡಿದ ಮೇಲೂ ಊರಿಗೆ ಮರಳಿ ಅಪ್ಪ ಅಮ್ಮನನ್ನು ನೋಡಿಕೊಂಡರು. ಅಮ್ಮನಿಗೆ ಅಲ್ಝೈಮರ್, ನಮ್ಮ ಅಜ್ಜಿಯ ಹಾಗೆ ಮರೆವಿನ ಕಾಯಿಲೆ.

ಆಲ್ಬಮ್ಮಿನಲ್ಲಿ 'ಆರ್ ಯೂ ಮೈನ್?' ಅಂತ ಒಂದು ಹಾಡಿದೆ. ಸುಮ್ಮನೆ ಕೇಳಿದರೆ ನಿಧಾನ ಲಯದ ಪ್ರೇಮಗೀತೆ ಅನ್ನಬೇಕು. ಅದು ಹುಟ್ಟಿದ್ದು ಬೇರೆ ರೀತಿ. ಒಂದು ದಿನ ಮನೆಯೊಳಗೆ ಎದುರಾದ ಅಮ್ಮ, ಮಗಳ ಗುರುತು ಸಿಗದೆ, ನೀನು ನನ್ನವಳಾ ಎಂದು ಕೇಳಿದರಂತೆ. ಅದನ್ನು ತಿಳಿದ ಮೇಲೆ ನನಗೆ ಆ ಹಾಡನ್ನು ಪೂರ್ತಿ ಕೇಳಲಾಗಲಿಲ್ಲ, ಆಯಿ. ಬೇಸಿಗೆಯಲ್ಲಿ ಬಂದಾಗ ಅಜ್ಜಿ ನನ್ನ ಕೈ ಹಿಡಿದು "ತಂಗೀ, ನೀ ಯಾರ ಮನೆ ಕೂಸು?" ಅಂದಿದ್ದರಲ್ಲ. ನಾನು ಬಚ್ಚಲಿಗೆ ಹೋಗಿ ಅತ್ತೆ. ನೀನು ಮಾತ್ರ ಅವರ ತಲೆ ಬಾಚುತ್ತಾ "ನಮ್ಮನೆ ಕೂಸೇ ಅತ್ತೆ" ಅಂತ, ಕೇಳಿದಷ್ಟು ಸಲವೂ ಅದೇ ಸಮಾಧಾನದಲ್ಲಿ ಹೇಳಿದೆ.

ಕಿಮ್ ಈ ಹಾಡನ್ನು ಅಮ್ಮ ಬದುಕಿದ್ದಾಗಲೇ, 2013ರಲ್ಲಿ, ತಾವೇ ಸಣ್ಣ ರೆಕಾರ್ಡಾಗಿ ಹೊರತಂದಿದ್ದರು. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅದೇ ಹಾಡು ಆಲ್ಬಮ್ಮಿನಲ್ಲಿ ಮತ್ತೆ ಬಂದಿದೆ. ನಾನು ಹೇಳಬೇಕೆಂದದ್ದು ಇಷ್ಟೇ: ಮನೆಯವರನ್ನು ನೋಡಿಕೊಂಡ ಆ ವರ್ಷಗಳು ಅವರ ಹಾಡನ್ನು ತಿಂದುಹಾಕಲಿಲ್ಲ. ಹಾಡು ಅಲ್ಲಿಂದಲೇ ಬಂತು.

ಎಲ್ಲ ಹಾಡೂ ನಿನಗೆ ಹಿಡಿಸುವುದಿಲ್ಲ. ಒಂದೆರಡರಲ್ಲಿ ಗದ್ದಲ ಹೆಚ್ಚು. ಆದರೆ ದನಿ ಕೇಳು. ತೆಳ್ಳಗೆ, ಉಸಿರು ಬೆರೆತ ದನಿ. ಗಟ್ಟಿಯಾಗಿ ಎತ್ತಿ ತೋರಿಸುವ ಹಟವೇ ಇಲ್ಲ. ದನಿ ಬಿದ್ದುಹೋಯಿತು ಅಂತ ನೀನು ಹೇಳುತ್ತೀಯಲ್ಲ, ನಾನು ಒಪ್ಪುವುದಿಲ್ಲ. ಸುಲಿಯುವ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ನೀನು ಬಾಗೇಶ್ರೀ ರಾಗ ಗುನುಗಿದರೆ ಅಂಗಳದ ಮಾತೆಲ್ಲ ನಿಲ್ಲುತ್ತಿತ್ತು. ಆ ದನಿ ಎಲ್ಲೂ ಹೋಗಿರುವುದಿಲ್ಲ, ಅಭ್ಯಾಸ ತಪ್ಪಿದೆ ಅಷ್ಟೇ.

ಇನ್ನೊಂದು ಮಾತು. ಈ ಆಲ್ಬಮ್ಮಿನ ಹಲವು ಹಾಡುಗಳನ್ನು ಧ್ವನಿಮುದ್ರಿಸಿದವರು ಶಿಕಾಗೋದ ಸ್ಟೀವ್ ಅಲ್ಬೀನಿ. 1987ರ ಕೊನೆಯಿಂದಲೂ ಕಿಮ್ ಜೊತೆ ಕೆಲಸ ಮಾಡಿದವರು, ಕಂಪ್ಯೂಟರ್ ಬಿಟ್ಟು ಟೇಪಿನ ಮೇಲೇ ಹಾಡು ಹಿಡಿಯುತ್ತಿದ್ದವರು. ಈ ಮೇ ತಿಂಗಳಲ್ಲಿ, 61ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡರು. ಆಲ್ಬಮ್ ಹೊರಬಂದದ್ದನ್ನು ಅವರು ನೋಡಲಿಲ್ಲ. ನಿನ್ನ ಸಂಗೀತದ ಗುರುಗಳಿಗೂ ಎಂಬತ್ತು ದಾಟಿತು. ಅಪ್ಪಯ್ಯ ಶಿರಸಿ ಪೇಟೆಗೆ ಹೋದಾಗಲೆಲ್ಲ ಗುರುಗಳು "ಇವಳು ಯಾವಾಗ ಬತ್ತಡ?" ಎಂದು ವಿಚಾರಿಸುತ್ತಾರಂತೆ. ಇದು ನಿನಗೆ ಗೊತ್ತಿತ್ತಾ?

ವಾರಕ್ಕೆ ಎರಡು ಮಧ್ಯಾಹ್ನ ಅಜ್ಜಿಯ ಜೊತೆ ಕೂರಲು ಯಾರನ್ನಾದರೂ ಗೊತ್ತುಮಾಡೋಣ, ಸಂಬಳ ನಾನು ಕೊಡುತ್ತೇನೆ. ಅಜ್ಜಿಗೂ ಹಾಡು ಬೇಕು. ನನ್ನ ಹೆಸರು ಮರೆತವರು ನಿನ್ನ ದಾಸರ ಪದಕ್ಕೆ ತಾಳ ಹಾಕಿದ್ದನ್ನು ನಾನೇ ನೋಡಿದ್ದೇನೆ. ಮಿರಜಿನ ತಂಬೂರಿಯನ್ನು ಅಟ್ಟದಿಂದ ಇಳಿಸಿ ಬುರುಡೆ ಸೀಳಿದೆಯೋ ನೋಡಲು ಅಣ್ಣನಿಗೆ ಹೇಳಿದ್ದೇನೆ. ತಂತಿ ಹೊಸದು ಹಾಕಿಸುತ್ತಾನೆ. 'ಆರ್ ಯೂ ಮೈನ್?' ಅವನ ಫೋನಿಗೆ ಕಳಿಸಿದ್ದೇನೆ, ಅಜ್ಜಿ ಮಲಗಿದ ಮೇಲೆ ಕೇಳು.

ಅಡಿಕೆ ಮುಗಿಯಲಿ, ಆಮೇಲೆ ನೋಡೋಣ ಅನ್ನಬೇಡ. ಗುರುಗಳ ಮನೆಗೆ ಯಾವ ದಿನ ಹೋಗುತ್ತೀಯ ಅಂತ ಬರೆ.

ನಿನ್ನ ಮಗಳು