ಪ್ಯಾರಿಸ್ ಉಳಿಸಿದ್ದು ಜನರಲ್ ಒಬ್ಬನೇನಾ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್ಸಿನ ಸೇನಾ ಆಡಳಿತ ನೋಡಿಕೊಳ್ಳುತ್ತಿದ್ದ, ಹಿಟ್ಲರನ ಆದೇಶ ಮೀರಿ ಊರು ಉಳಿಸಿದ ಎನ್ನಲಾದ ಡೀಟ್ರಿಖ್ ಫಾನ್ ಕೋಲ್ಟಿಟ್ಸ್ ಎಂಬ ಜರ್ಮನ್ ಜನರಲ್‌ನನ್ನು ‘ಪ್ಯಾರಿಸ್ ರಕ್ಷಕ’ ಎಂದು ಹೊಗಳಿದ ಲೇಖನ ಓದಿದೆ. ಓದೋಕೆ ಸೊಗಸಾಗಿತ್ತು. ಆದರೆ ಅರ್ಧ ಕಥೆ ಬಿಟ್ಟುಹೋಗಿದೆ.

ನಗರ ಶತ್ರುವಿನ ಕೈಗೆ ಸಿಕ್ಕರೆ ಕಲ್ಲುಮಣ್ಣಿನ ರಾಶಿಯಾಗಿಯೇ ಸಿಗಬೇಕು ಎಂದು 1944ರ ಆಗಸ್ಟ್ 23ರಂದು ಹಿಟ್ಲರ್ ಆದೇಶ ಕೊಟ್ಟಿದ್ದು ನಿಜ. ಕೋಲ್ಟಿಟ್ಸ್ ಸೇತುವೆಗಳನ್ನು ಸಿಡಿಸದೆ 25ರಂದು ಶರಣಾಗಿದ್ದೂ ನಿಜ. ಅಷ್ಟರ ಮಟ್ಟಿಗೆ ಅವನಿಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ಹಿಟ್ಲರನಿಗೆ ಹುಚ್ಚು ಹಿಡಿದಿದೆ ಅಂತ ಗೊತ್ತಾಗಿಯೇ ಆದೇಶ ಮೀರಿದ್ದು ಎಂದು ಹೇಳಿದವರು ಯಾರು? ಯುದ್ಧ ಮುಗಿದ ಮೇಲೆ ಅವನೇ! ತನ್ನ ಕೇಸಿಗೆ ತಾನೇ ವಕೀಲ, ತಾನೇ ಸಾಕ್ಷಿ. ಇಷ್ಟು ದೊಡ್ಡ ಊರನ್ನು ಪುಡಿ ಮಾಡುವಷ್ಟು ಸೈನ್ಯ, ವಿಮಾನ ಅವನ ಕೈಯಲ್ಲಿ ಇರಲೇ ಇಲ್ಲ ಎನ್ನುವ ಇತಿಹಾಸಕಾರರೂ ಇದ್ದಾರೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸೆರೆಸಿಕ್ಕ ಜನರಲ್‌ಗಳನ್ನು ಬ್ರಿಟಿಷರು ಲಂಡನ್ ಹತ್ತಿರದ ಟ್ರೆಂಟ್ ಪಾರ್ಕ್ ಎಂಬ ಬಂಗಲೆಯಲ್ಲಿ ಇಟ್ಟಿದ್ದರು. ಗೋಡೆಗಳಲ್ಲಿ ಮೈಕು ಅಡಗಿಸಿದ್ದು ಇವರಿಗೆ ಗೊತ್ತಿರಲಿಲ್ಲ. ಶರಣಾದ ನಾಲ್ಕೇ ದಿನಕ್ಕೆ ಕೋಲ್ಟಿಟ್ಸ್ ಅಲ್ಲಿ ಆಡಿದ ಮಾತು ದಾಖಲಾಗಿದೆ. ತನಗೆ ಬಂದ ಅತಿ ಕೆಟ್ಟ ಕೆಲಸ ಯೆಹೂದಿಗಳನ್ನು ಮುಗಿಸುವುದಾಗಿತ್ತು, ಅದನ್ನೂ ಚಾಚೂ ತಪ್ಪದೆ ಮಾಡಿದೆ ಎಂದಿದ್ದಾನೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡು ಆಡಿದ ಮಾತಿಗೆ ತೂಕ ಜಾಸ್ತಿ, ಅಲ್ವಾ? ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಪ್ಯಾರಿಸ್‌ನಲ್ಲೂ ಅವನ ಅಧಿಕಾರದ ದಿನಗಳು ಸುಮ್ನೆ ಕಳೆಯಲಿಲ್ಲ. ಆಗಸ್ಟ್ 15ರಂದು ಪಾಂತಾಂ ನಿಲ್ದಾಣದಿಂದ ಎರಡು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ತುಂಬಿಕೊಂಡ ರೈಲು ಜರ್ಮನಿಯ ಶಿಬಿರಗಳತ್ತ ಹೊರಟಿತು. ಮರುದಿನ ಬುವಾ ದ ಬುಲೋನ್ಯ್ ಕಾಡಿನಲ್ಲಿ 35 ಹುಡುಗರನ್ನು ಗುಂಡಿಟ್ಟು ಕೊಂದರು. 23ರಂದು ಜರ್ಮನ್ನರ ದಾಳಿಗೆ ಗ್ರಾಂ ಪಾಲೆ ಎಂಬ ದೊಡ್ಡ ಪ್ರದರ್ಶನ ಭವನ ಹೊತ್ತಿ ಉರಿಯಿತು. ಇದೆಲ್ಲಕ್ಕೂ ಅವನೇ ಕೈಯಾರೆ ಆಜ್ಞೆ ಕೊಟ್ಟ ಅಂತ ನಾನು ಹೇಳುತ್ತಿಲ್ಲ. ಆದರೆ ಊರು ಉಳಿದ ಪುಣ್ಯ ಪೂರ್ತಿ ಅವನ ಲೆಕ್ಕಕ್ಕೆ, ಪಾಪ ಮಾತ್ರ ಬೇರೆಯವರ ಲೆಕ್ಕಕ್ಕೆ ಅಂದರೆ ಹೇಗೆ?

ಊರು ಉಳಿದದ್ದರಲ್ಲಿ ಬೇರೆಯವರ ಪಾಲೂ ಇದೆ. ಜರ್ಮನ್ನರ ವಿರುದ್ಧ ಪ್ಯಾರಿಸ್ ಪೊಲೀಸರು ಮುಷ್ಕರ ಹೂಡಿದರು. ಜನ ಬೀದಿಯಲ್ಲಿ ಕಲ್ಲು ಪೇರಿಸಿ ಅಡ್ಡಗಟ್ಟೆ ಕಟ್ಟಿದರು. ಸ್ವೀಡನ್ನಿನ ಕಾನ್ಸುಲ್ ರಾವುಲ್ ನೋರ್ಡ್‌ಲಿಂಗ್ ಎರಡೂ ಕಡೆ ಓಡಾಡಿ ಕದನವಿರಾಮ ಮಾಡಿಸಿದರು. ಆ ದಿನಗಳಲ್ಲಿ ಸತ್ತವರ ಹೆಸರಿನ ಪುಟ್ಟ ಕಲ್ಲುಫಲಕಗಳು ಆ ಊರಿನ ಗೋಡೆಗಳ ಮೇಲೆ ಇವತ್ತಿಗೂ ಇವೆ. ಮುಂದಿನ ಪುರವಣಿಯಲ್ಲಿ ಅವರ ಬಗ್ಗೆ ಅರ್ಧ ಪುಟವಾದರೂ ಕೊಡಿ.

ಇಂತಿ,
ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು, ಧಾರವಾಡ