ಮಗಳಿಗೊಂದು ಪತ್ರ: ರೇಣುಕೆಯ ಕೆರೆ

ಪುಟ್ಟೀ,

ನೀನು ಭಾನುವಾರ ಕಳಿಸಿದ ಕೆರೆಯ ಫೋಟೋ ನಿಮ್ಮಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಸುತ್ತ ಒಂದೂ ಅಪಾರ್ಟ್‌ಮೆಂಟ್ ಇಲ್ವಲ್ಲೇ, ಇದೆಂಥ ಕೆರೆ" ಅಂದರು. ಬೆಂಗಳೂರಿನಲ್ಲಿ ಇಷ್ಟು ವರ್ಷ ಇದ್ದರೆ ಹಾಗೇ.

ಹಿಮಾಚಲದ ಬೆಟ್ಟ ಅಂತ ನಾನು ಸ್ವೆಟರ್ ಸ್ವೆಟರ್ ಅಂತ ಬಡಕೊಂಡಿದ್ದೆ. ಆಮೇಲೆ ನೋಡಿದರೆ ಆ ರೇಣುಕಾ ಕೆರೆ ಇರುವುದು 672 ಮೀಟರ್ ಎತ್ತರದಲ್ಲಿ. ಬೆಂಗಳೂರೇ 900ರ ಮೇಲಿದೆ! ಬೆಟ್ಟಕ್ಕೆ ಹೋಗ್ತೀನಿ ಅಂತ ಹೋಗಿ ನಮಗಿಂತ ಕೆಳಗೆ ಇಳಿದಿದ್ದೀಯ.

"ಇದು ನಮ್ಮ ಸವದತ್ತಿ ಎಲ್ಲಮ್ಮನಾ?" ಅಂತ ಕೇಳಿದ್ದೆಯಲ್ಲ, ಹೌದು ಕಣೇ, ಅವಳೇ. ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ. ಆದರೆ ಊರು ಬದಲಾದರೆ ಕತೆಯೂ ಬದಲು. ನಿಮ್ಮಜ್ಜಿ ಹೇಳುತ್ತಿದ್ದದ್ದು ಸವದತ್ತಿಯದು. ರೇಣುಕೆ ದಿನಾ ಮಲಪ್ರಭೆಗೆ ಹೋಗಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ ತಲೆ ಮೇಲೆ ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವರ ನೀರಾಟ ನೋಡುತ್ತ ಒಂದು ಗಳಿಗೆ ನಿಂತಳು, ಅಷ್ಟೇ, ಕೊಡ ನಿಲ್ಲಲಿಲ್ಲ. ಅಪ್ಪ ಕಡಿ ಅಂದ, ಮಗ ಕಡಿದ. ಆಮೇಲೆ ವರ ಬೇಡಿ ಬದುಕಿಸಿದ, ಸರಿ. ಆದರೂ ಈ ಕತೆ ಕೇಳಿದ ಮೇಲೆ ನಾನು ಒಂದು ವಾರ ನಿನ್ನ ಸೋದರಮಾವನ ಕೈಗೆ ಸಿಗದ ಹಾಗೆ ಮನೆಯ ಕುಡುಗೋಲು ಬಚ್ಚಿಟ್ಟಿದ್ದೆ.

ಅಲ್ಲಿನವರ ಕತೆಯಲ್ಲಿ ಮಗ ಅಮ್ಮನನ್ನು ಕಡಿಯುವ ಮಾತು ಮುಖ್ಯವಲ್ಲ. ಕಾಮಧೇನುವಿನ ಆಸೆಗೆ ಸಹಸ್ರಾರ್ಜುನ (ನಮ್ಮ ಕಾರ್ತವೀರ್ಯ) ಜಮದಗ್ನಿಯನ್ನು ಕೊಂದ. ರೇಣುಕೆಯನ್ನು ಹಿಡಿಯಲು ಬಂದಾಗ ಅವಳು ಕೆರೆಗೆ ಹಾರಿದಳು, ನೀರು ಅವಳ ಮೈಯ ಆಕಾರವನ್ನೇ ತಳೆಯಿತು. ಮೇಲಿನಿಂದ ನೋಡಿದರೆ ಕೆರೆ ಹೆಂಗಸು ಮಲಗಿದ ಹಾಗೆ ಕಾಣುತ್ತೆ ಅನ್ನುತ್ತಾರಲ್ಲ, ಅದಕ್ಕೇ. ಪರಶುರಾಮ ತಡವಾಗಿ ಬಂದು, ದಡದಲ್ಲಿ ನಿಂತು ಕರೆದ. ಅಮ್ಮ ಮೇಲೆದ್ದು ಬಂದು, ಇನ್ನು ವರ್ಷಕ್ಕೊಂದು ಸಲ ಬಂದು ನಿನ್ನ ನೋಡ್ತೀನಿ ಅಂತ ಮಾತು ಕೊಟ್ಟಳಂತೆ. ಈಗಲೂ ಕಾರ್ತಿಕ ಶುದ್ಧ ದಶಮಿಗೆ ಪರಶುರಾಮನ ಪಲ್ಲಕ್ಕಿ ಕೆರೆಗೆ ಬರುತ್ತೆ, ಹುಣ್ಣಿಮೆವರೆಗೂ ಜಾತ್ರೆ. ನೀನು ಕೆರೆ ಸುತ್ತ ಮೂರು ಕಿಲೋಮೀಟರ್ ನಡೆದೆ ಅಂದೆ, ಅದು ವಾಕಿಂಗ್ ಅಲ್ಲ, ಪ್ರದಕ್ಷಿಣೆ! ನಮ್ಮ ಕಡೆಯೂ ಅವಳ ಹೆಸರಿನ ನೀರಿದೆ, ಮಲಪ್ರಭಾ ಅಣೆಕಟ್ಟಿನ ರೇಣುಕಾಸಾಗರ. ಆದರೆ ಅಣೆಕಟ್ಟು ಕಟ್ಟಿದ ಮೇಲೆ ಬಂದ ಹೆಸರಿನಲ್ಲಿ ಇಂಥ ಕತೆ ಎಲ್ಲಿಂದ ಬರಬೇಕು.

ದಶಮಿ ಅಂದರೆ ನಮ್ಮ ತುಳಸಿ ಹಬ್ಬಕ್ಕೆ ಎರಡು ದಿನ ಮುಂಚೆ. ರೇಣುಕೆಗಾದರೂ ತಿಥಿ ಗೊತ್ತಿದೆ, ನಿನ್ನ ರಜೆ ಮ್ಯಾನೇಜರ್ ಕೈಯಲ್ಲಿದೆ. ಹೋದ ದೀಪಾವಳಿಗೆ ಟಿಕೆಟ್ ಕ್ಯಾನ್ಸಲ್ ಮಾಡಿದೆ, ನಾನು ಕಳಿಸಿದ ಚಕ್ಕುಲಿ ಕೊರಿಯರ್‌ನಲ್ಲಿ ಹೋಗಿ ಪುಡಿಯಾಯಿತು. ಬೇಜಾರಿಲ್ಲ, ಸುಮ್ನೆ ಹೇಳಿದೆ.

ಕತೆಯಲ್ಲೂ ಎದ್ದು ಬರುವವಳು ಅಮ್ಮನೇ ಅಲ್ವಾ. ಈ ಸಲ ನಾನೇ ಬರ್ತೀನಿ, ಜಾತ್ರೆ ನೋಡಬೇಕು. ನಿಮ್ಮಪ್ಪ ಮಂಡಿನೋವು ಅಂತ ರಾಗ ಎಳೆಯುತ್ತಿದ್ದಾರೆ, ಆದರೆ ಅಪಾರ್ಟ್‌ಮೆಂಟ್ ಇಲ್ಲದ ಕೆರೆ ಒಮ್ಮೆ ನೋಡಬೇಕಂತೆ. ಚಂಡೀಗಡಕ್ಕೆ ಟ್ರೈನಾ ಫ್ಲೈಟಾ ನೋಡಿ ಹೇಳು. ಮತ್ತೆ, ಕಾರ್ತಿಕದಲ್ಲಿ ಅಲ್ಲಿ ಸ್ವೆಟರ್ ಬೇಕಾಗುತ್ತಾ?

ಅಮ್ಮ