ನೀರಿನ ಸುದ್ದಿಗೆ ಬೇರೆ ಗ್ರೂಪ್ ಇರಲಿ

ಸಂಪಾದಕರೇ,

ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರು ವಾಟ್ಸ್ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೇ ನಳದ ನೀರು ಯಾವಾಗ ಬಿಡುತ್ತಾರೆ ಅಂತ ತಿಳಿಯಲಿ ಎಂದು. ನಮಗೆ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ಎಷ್ಟೋ ದಿನ ಕಾಯಬೇಕು. ಹೋದ ವಾರ ನಸುಕಿನಲ್ಲಿ ಒಬ್ಬರು 'ನೀರು ಬಂತು' ಅಂತ ಹಾಕಿದ್ದರು, ಅದರ ಹಿಂದೆಯೇ ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ದೇವರ ಫೋಟೊ, ಯಾವುದೋ ಮನೆಮದ್ದಿನ ವಿಡಿಯೊ ಅಂತ ನಲವತ್ತು ಮೆಸೇಜ್ ಬಿದ್ದು, ನಾನು ಅದನ್ನು ಹುಡುಕಿ ನೋಡುವಷ್ಟರಲ್ಲಿ ನಳ ನಿಂತಿತ್ತು. ಕೊಡ, ಬ್ಯಾರಲ್ ಎಲ್ಲ ಖಾಲಿ. ಸಿಟ್ಟು ಬರುತ್ತದೆ ಅಲ್ವಾ?

ಮ್ಯೂಟ್ ಮಾಡಿ ಅಂತಾರೆ. ಮಾಡಿದರೆ ನೀರಿನ ಸುದ್ದಿಯೂ ಕಿವಿಗೆ ಬೀಳುವುದಿಲ್ಲ. ವಾಯ್ಸ್ ಮೆಸೇಜ್ ಅಂತೂ ನನಗೆ ಆಗುವುದೇ ಇಲ್ಲ, ಒಂದು ಸಾಲು ಬರೆದರೆ ಸಾಕು.

ಭಾರತದಲ್ಲಿ 2018ರಲ್ಲೇ ವಾಟ್ಸ್ಆ್ಯಪ್‌ನವರು ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಿಂತ ಜಾಸ್ತಿ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿದರು. ಆದರೂ ಸುಮ್ನೆ ದಾಟಿಸುವ ಚಾಳಿ ಹೋಗಿಲ್ಲ. ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಸೆಟ್ಟಿಂಗ್ ಗ್ರೂಪಿನಲ್ಲೇ ಇದೆ. ಓಣಿಗೆ ಇಬ್ಬರು ಮೂವರನ್ನು ಅಡ್ಮಿನ್ ಮಾಡಿ, ನೀರಿಗೇ ಅಂಥದೊಂದು ಗ್ರೂಪ್ ಇಡಿ. ಹೂವು, ಹರಟೆ ಇನ್ನೊಂದರಲ್ಲಿ ಇರಲಿ, ಅದಕ್ಕೆ ನಾನೂ ಬರುತ್ತೇನೆ.

– ಒಬ್ಬ ಗೃಹಿಣಿ, ಹಳೇ ಹುಬ್ಬಳ್ಳಿ